ಕರುಣೆ, ನಂಬಿಕೆ, ನಿರೀಕ್ಷೆ: ಬೈಬಲ್ ಕಥೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲ್ ಅಧ್ಯಯನದ ಗುಂಪಿನಲ್ಲಿ, ರೋಗಿಗಳ ಹಾಸಿಗೆಯ ಪಕ್ಕದಲ್ಲಿ, ಸಾವಾದ ಮನೆಯಲ್ಲಿ ವರ್ಷಗಳಿಂದ ಕೇಳಿಸಿಕೊಂಡ ಪ್ರಶ್ನೆಗಳಿವು. ಕೆಲವನ್ನು ನಾನೇ ರಾತ್ರಿ ನಿದ್ದೆ ಬಾರದೆ ಕೇಳಿಕೊಂಡಿದ್ದೇನೆ. ಕಥೆಗಳನ್ನು ನಿಧಾನವಾಗಿ, ಹತ್ತಿರದಿಂದ ಓದಿದಾಗ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಬೈಬಲ್ ಹೇಳುವ ಕರುಣೆ ಎಂದರೆ 'ಅಯ್ಯೋ ಪಾಪ' ಎನ್ನುವುದೇ?

ಅಷ್ಟಕ್ಕೇ ನಿಂತರೆ ಅದು ಕರುಣೆಯಲ್ಲ. ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳನ್ನು ಬರೆದದ್ದು ಗ್ರೀಕ್ ಭಾಷೆಯಲ್ಲಿ. ಯೇಸು 'ಕನಿಕರಪಟ್ಟರು' ಎಂದು ನಾವು ಓದುವ ಕಡೆ ಅಲ್ಲಿರುವ ಮಾತು 'ಸ್ಪ್ಲಾಂಕ್ನಿಜೊಮಾಯ್'. ಅದರ ಬೇರಿನಲ್ಲಿರುವುದು ಹೊಟ್ಟೆಯೊಳಗಿನ ಕರುಳು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರುಳು ಚುರುಕ್ ಅಂತು, ಕರುಳು ಹಿಂಡಿದ ಹಾಗಾಯಿತು, ಹೆತ್ತ ಕರುಳು ಎಂದೆಲ್ಲ ನಾವು ದಿನಾ ಆಡುತ್ತೇವೆ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಂತೂ ಕರುಣೆಗೆ ಬರುವ 'ರಹಮೀಮ್' ಎಂಬ ಪದ 'ರೆಹೆಮ್', ಅಂದರೆ ತಾಯಿಯ ಗರ್ಭ, ಎಂಬ ಪದದ ನೆಂಟ.

ಲೂಕನ ಸುವಾರ್ತೆಯಲ್ಲಿ ಆ ಗ್ರೀಕ್ ಕ್ರಿಯಾಪದ ಮೂರು ಸಲ ಬರುತ್ತದೆ. 7ನೇ ಅಧ್ಯಾಯದಲ್ಲಿ, ಇದ್ದೊಬ್ಬ ಮಗನನ್ನು ಕಳೆದುಕೊಂಡ ನಾಯಿನ್ ಊರಿನ ವಿಧವೆಯನ್ನು ಯೇಸು ಕಂಡಾಗ. 10ನೇ ಅಧ್ಯಾಯದಲ್ಲಿ, ದಾರಿಯಲ್ಲಿ ಬಿದ್ದಿದ್ದವನನ್ನು ಸಮಾರ್ಯದವನು ಕಂಡಾಗ. 15ನೇ ಅಧ್ಯಾಯದಲ್ಲಿ, ಆಸ್ತಿಯೆಲ್ಲ ಕರಗಿಸಿ ಬರುತ್ತಿರುವ ಮಗನನ್ನು ತಂದೆ ದೂರದಿಂದಲೇ ಕಂಡಾಗ. ಮೂರೂ ಕಡೆ ಮೊದಲು ಕಣ್ಣು ಕಾಣುತ್ತದೆ, ಆಮೇಲೆ ಕರುಳು ಮಿಡಿಯುತ್ತದೆ, ಮರುಕ್ಷಣವೇ ಕೈಕಾಲು ಕದಲುತ್ತದೆ. ಶವ ಮುಟ್ಟಿದರೆ ಏಳು ದಿನ ಮೈಲಿಗೆ ಎಂಬ ಕಟ್ಟಳೆಯಿದ್ದ ಕಾಲದಲ್ಲಿ ಯೇಸು ಹೋಗಿ ಚಟ್ಟಕ್ಕೆ ಕೈಯಿಟ್ಟರು. ಸಮಾರ್ಯದವನು ಗಾಯ ಕಟ್ಟಿದ. ಮುದಿ ತಂದೆ ಓಡಿದ.

ಒಳ್ಳೆಯ ಸಮಾರ್ಯದವನ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ಅದರಲ್ಲಿ ಇನ್ನೇನು ಉಳಿದಿದೆ?

ಬಹಳ ಉಳಿದಿದೆ. ಮೊದಲು ಹಿಂದಿನ ಪುಟ ತಿರುಗಿಸಿ, ಲೂಕ 9ನೇ ಅಧ್ಯಾಯ ನೋಡಿ. ಯೇಸುವಿಗೂ ಶಿಷ್ಯರಿಗೂ ಒಂದು ಸಮಾರ್ಯ ಹಳ್ಳಿಯವರು ಉಳಿದುಕೊಳ್ಳಲು ಜಾಗ ಕೊಡಲಿಲ್ಲ. ಯಾಕೋಬ ಯೋಹಾನರಿಗೆ ಎಷ್ಟು ಸಿಟ್ಟು ಬಂತೆಂದರೆ, ಆಕಾಶದಿಂದ ಬೆಂಕಿ ಬಿದ್ದು ಆ ಹಳ್ಳಿ ಸುಟ್ಟುಹೋಗಲಿ ಎಂದು ಹೇಳಲು ಅಪ್ಪಣೆ ಕೇಳಿದರು. ಯೇಸು ಅವರನ್ನು ಗದರಿಸಿ ಬೇರೆ ಹಳ್ಳಿಗೆ ನಡೆದರು. ಮುಂದಿನ ಅಧ್ಯಾಯದಲ್ಲೇ ಅವರು ಹೇಳುವ ಕಥೆಯ ನಾಯಕ ಒಬ್ಬ ಸಮಾರ್ಯದವನು. ತಮ್ಮನ್ನು ಬಾಗಿಲಲ್ಲೇ ತಡೆದವರ ಪೈಕಿ ಒಬ್ಬನನ್ನು ಯೇಸು ಕರುಣೆಯ ಮಾದರಿಯಾಗಿ ನಿಲ್ಲಿಸಿದರು. ಇದನ್ನು ಗಮನಿಸಿದ ದಿನ ನಾನು ತುಂಬ ಹೊತ್ತು ಪುಟ ತಿರುಗಿಸಲಿಲ್ಲ.

ಯೆಹೂದ್ಯರಿಗೂ ನೆರೆಯ ಸಮಾರ್ಯರಿಗೂ ಇದ್ದ ಆ ಹಗೆ ನೆನ್ನೆ ಮೊನ್ನೆಯದಲ್ಲ. ಗೆರಿಜ್ಜೀಮ್ ಬೆಟ್ಟದ ಮೇಲಿದ್ದ ಸಮಾರ್ಯರ ದೇವಾಲಯವನ್ನು ಯೆಹೂದ್ಯರ ಮಹಾಯಾಜಕನೂ ಆಳುವವನೂ ಆಗಿದ್ದ ಹಿರ್ಕಾನಸ್ ಕ್ರಿ.ಪೂ. 2ನೇ ಶತಮಾನದ ಕೊನೆಯಲ್ಲಿ ಕೆಡವಿಸಿದ್ದ. ನೂರಾರು ವರ್ಷದ ಕಹಿ ಎರಡೂ ಕಡೆ ಇತ್ತು.

ಇನ್ನು ಕಥೆ ನಡೆಯುವ ದಾರಿ. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಯೆರಿಕೋ ಸುಮಾರು 250 ಮೀಟರ್ ಕೆಳಗಿದೆ. 25 ಕಿಲೋಮೀಟರ್ ಆಸುಪಾಸಿನ ದಾರಿಯಲ್ಲಿ ಸಾವಿರ ಮೀಟರ್ ಇಳಿಜಾರು. ಎರಡೂ ಬದಿ ಬೋಳು ಗುಡ್ಡ, ಕಳ್ಳರು ಅಡಗಲು ಬೇಕಾದಷ್ಟು ತಿರುವು. ಕಳ್ಳರು ಹೊಡೆದು ಬೀಳಿಸಿದವನನ್ನು ಕಂಡೂ ಮೊದಲು ಒಬ್ಬ ಯಾಜಕ, ಆಮೇಲೆ ದೇವಾಲಯದ ಸೇವಕನಾದ ಒಬ್ಬ ಲೇವಿಯ ದಾಟಿಹೋದರು. ಯಾಜಕನು ಆ ದಾರಿಯಲ್ಲಿ 'ಇಳಿದು' ಬರುತ್ತಿದ್ದ ಎಂದು ಲೂಕ ಬರೆಯುತ್ತಾನೆ. ಅಂದರೆ ಯೆರೂಸಲೇಮಿಗೆ ಬೆನ್ನು ಹಾಕಿ ಹೋಗುತ್ತಿದ್ದ. ಹೆಣ ಮುಟ್ಟಿ ಮೈಲಿಗೆಯಾದರೆ ದೇವಾಲಯದ ಸೇವೆ ತಪ್ಪುತ್ತದೆ ಎಂಬ ನೆಪಕ್ಕೂ ಅಲ್ಲಿ ಹೆಚ್ಚು ಬಲವಿಲ್ಲ.

ಸಮಾರ್ಯದವನು ಛತ್ರದವನಿಗೆ ಕೊಟ್ಟದ್ದು ಎರಡು ದಿನಾರಿ, ಕೂಲಿಯವನ ಎರಡು ದಿನದ ಸಂಬಳ. ಹೆಚ್ಚಿಗೆ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಎಂದ. ಕಥೆ ಮುಗಿದ ಮೇಲೆ ಯೇಸು ಕೇಳುತ್ತಾರೆ: ಈ ಮೂವರಲ್ಲಿ ನೆರೆಯವನಾದವನು ಯಾರು? 'ನನ್ನ ನೆರೆಯವನು ಯಾರು?' ಎಂದು ಮೊದಲು ಕೇಳಿದ್ದ ಧರ್ಮಶಾಸ್ತ್ರಿಗೆ 'ಸಮಾರ್ಯದವನು' ಎಂಬ ಪದ ಬಾಯಿಗೆ ಬರಲಿಲ್ಲ. 'ದಯೆ ತೋರಿಸಿದವನು' ಎಂದ. ನಮ್ಮ ನಾಲಿಗೆಗೂ ಹೀಗೆ ಬಾರದ ಹೆಸರುಗಳು ಇರುತ್ತವೆ.

ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡು ಸೋತುಹೋಗಿದ್ದೇನೆ. ಒಮ್ಮೊಮ್ಮೆ ಏನೂ ಅನಿಸುವುದೇ ಇಲ್ಲ. ನನ್ನಲ್ಲಿ ಕರುಣೆ ಬತ್ತಿಹೋಯಿತೇ?

ಬತ್ತಿಲ್ಲ, ನೀವು ದಣಿದಿದ್ದೀರಿ. ಅದೇ ಸಮಾರ್ಯದವನನ್ನು ನೋಡಿ. ಒಂದು ರಾತ್ರಿ ತಾನೇ ಆರೈಕೆ ಮಾಡಿದ, ಮರುದಿನ ಇನ್ನೊಬ್ಬನ ಕೈಗೆ ಒಪ್ಪಿಸಿ ತನ್ನ ದಾರಿ ಹಿಡಿದ. ಅದಕ್ಕಾಗಿ ಅವನನ್ನು ಯಾರೂ ದೂರಲಿಲ್ಲ. ವಿಮೋಚನಕಾಂಡ 17ರಲ್ಲಿ, ಯುದ್ಧ ನಡೆಯುತ್ತಿರುವಾಗ ಮೋಶೆ ಬೆಟ್ಟದ ಮೇಲೆ ಕೈ ಎತ್ತಿ ನಿಂತಿದ್ದ. ಕೈ ಸೋತು ಕೆಳಗಿಳಿಯತೊಡಗಿತು. ಆರೋನನೂ ಹೂರನೂ ಮೊದಲು ಒಂದು ಕಲ್ಲು ತಂದು ಅವನನ್ನು ಕೂರಿಸಿದರು. ಆಮೇಲೆ ಆಚೆಗೊಬ್ಬ ಈಚೆಗೊಬ್ಬ ನಿಂತು ಹೊತ್ತು ಮುಳುಗುವ ತನಕ ಅವನ ಕೈಗಳನ್ನು ಹಿಡಿದುಕೊಂಡರು. ನಿಮಗೂ ಕೂರಲು ಒಂದು ಕಲ್ಲು ಬೇಕು, ಕೈ ಹಿಡಿಯಲು ಇಬ್ಬರು ಬೇಕು. ಬಾಯಿ ಬಿಟ್ಟು ಕೇಳಿ.

ಕಷ್ಟ ಬರುವುದು ಪಾಪದ ಫಲವೇ?

ಈ ಮಾತು ಎಷ್ಟು ಜನರನ್ನು ಒಳಗೊಳಗೇ ಕೊಂದಿದೆಯೋ ಎಂದು ನನಗೆ ಸಂಕಟವಾಗುತ್ತದೆ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದನ್ನೇ ಕೇಳಿದರು: ಯಾರ ಪಾಪ, ಇವನದೋ ಇವನ ತಂದೆತಾಯಿಯದೋ? ಯೇಸು ಎರಡನ್ನೂ ತಳ್ಳಿಹಾಕಿದರು. ಲೂಕ 13ರಲ್ಲಿ ಸಿಲೋವದ ಗೋಪುರ ಕುಸಿದು ಸತ್ತ 18 ಮಂದಿಯ ಮಾತು ಬರುತ್ತದೆ. ಅವರು ಊರಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೆಂದು ನೆನಸುತ್ತೀರೋ, ಹಾಗಲ್ಲ ಎಂದು ಯೇಸು ಖಡಾಖಂಡಿತವಾಗಿ ಹೇಳಿದರು. ನಾವು ಮಾಡಿದ ತಪ್ಪಿನಿಂದಲೇ ಬರುವ ಕಷ್ಟಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಇನ್ನೊಬ್ಬರ ಕಣ್ಣೀರು ನೋಡಿ ಲೆಕ್ಕ ಹಾಕುವ ಅಧಿಕಾರ ನಮಗಿಲ್ಲ.

ದುಃಖದಲ್ಲಿರುವವರಿಗೆ ಏನು ಹೇಳಬೇಕು?

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಬಂದು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ಮಾಡಿದ ಅತ್ಯುತ್ತಮ ಕೆಲಸ ಅದೇ. ಬಾಯಿ ತೆರೆದ ಮೇಲೆ ಕೆಟ್ಟರು. ಕೊನೆಗೆ ದೇವರ ಕೋಪ ಬಿದ್ದದ್ದು, ಅಷ್ಟೆಲ್ಲ ಕೂಗಾಡಿದ ಯೋಬನ ಮೇಲಲ್ಲ, ದೇವರ ಪರ ವಾದಿಸಿದ ಇವರ ಮೇಲೆ.

ಇದನ್ನು ನಾನು ಕಲಿತದ್ದು ತಡವಾಗಿ. ಗೆಳೆಯನೊಬ್ಬನ ಮಗು ತೀರಿಕೊಂಡಿತ್ತು. ಅವನ ಹೆಂಡತಿ ಮಗುವಿನ ಪುಟ್ಟ ಅಂಗಿಗಳನ್ನು ಮಡಿಚುತ್ತ ಕೂತಿದ್ದರು. ನಾನು 'ಎಲ್ಲ ದೇವರ ಚಿತ್ತ' ಎಂದುಬಿಟ್ಟೆ. ಅವರ ಕೈ ನಿಂತಿತು. ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಮಡಿಚತೊಡಗಿದರು. ಆಗ ಸಭೆಯ ಒಬ್ಬರು ಅಜ್ಜಿ ಬಂದು, ಏನೂ ಹೇಳದೆ, ಪಕ್ಕದಲ್ಲಿ ಕೂತು ಇನ್ನೊಂದು ಅಂಗಿ ಎತ್ತಿಕೊಂಡು ತೋಳು ಒಳಗೆ ಸೇರಿಸಿ ಮಡಿಚಿದರು. ಎರಡನೆಯದು ಎತ್ತಿಕೊಳ್ಳುವ ಹೊತ್ತಿಗೆ ಆ ತಾಯಿ ಅಜ್ಜಿಯ ಹೆಗಲಿಗೆ ಒರಗಿ ಅಳತೊಡಗಿದ್ದರು. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಯೇಸು ಮೊದಲು ಅತ್ತರು ಎಂಬುದನ್ನು ನಾನು ಅಂದಿನಿಂದ ಬೇರೆ ರೀತಿ ಓದುತ್ತೇನೆ.

ಸಹಾಯ ಮಾಡುವಾಗ ಪಡೆಯುವವರ ಮಾನ ಉಳಿಸುವುದು ಹೇಗೆ?

ರೂತಳ ಪುಸ್ತಕ ಓದಿ. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂದು ಯಾಜಕಕಾಂಡ 19 ಕಟ್ಟುಮಾಡಿತ್ತು. ಹಾಗಾಗಿ ಮೋವಾಬಿನಿಂದ ಬಂದ ವಿಧವೆ ರೂತಳು ಹಕ್ಕಲಾಯಲು ಹೋದದ್ದು ಭಿಕ್ಷೆಯಲ್ಲ, ಹಕ್ಕು. ಹೊಲದ ಯಜಮಾನ ಬೋವಜ ಇನ್ನೊಂದು ಹೆಜ್ಜೆ ಮುಂದೆ ಹೋದ. ಸಿವುಡುಗಳಿಂದ ಬೇಕೆಂದೇ ತೆನೆ ಎಳೆದು ಬೀಳಿಸಿ, ಅವಳು ಆರಿಸಿಕೊಳ್ಳಲಿ, ಗದರಬೇಡಿ ಎಂದು ಆಳುಗಳಿಗೆ ಗುಟ್ಟಾಗಿ ಹೇಳಿದ. ಸಂಜೆ ಬಡಿದಾಗ ಒಂದು ಏಫ, ಅಂದರೆ ಸುಮಾರು 22 ಲೀಟರಿನಷ್ಟು ಜವೆಗೋಧಿ ಆಯಿತು. ಅದು ತನ್ನ ದುಡಿಮೆಯೆಂದೇ ಹೊತ್ತುಕೊಂಡು ಅವಳು ಅತ್ತೆಯ ಬಳಿಗೆ ಬಂದಳು. ಕೊಟ್ಟದ್ದನ್ನು ಎಲ್ಲರಿಗೂ ಕಾಣಿಸುವ ಚಪಲ ನಮಗೆ ಬಂದಾಗ ಆ ಬಿದ್ದ ತೆನೆಗಳನ್ನು ನೆನೆಯಬೇಕು.

ನನ್ನ ನಂಬಿಕೆ ತೀರಾ ಚಿಕ್ಕದು. ಸಾಕಾಗುತ್ತದೆಯೇ?

ಮಾರ್ಕ 9ರಲ್ಲಿ ಒಬ್ಬ ತಂದೆ ಬರುತ್ತಾನೆ. ಮಗನಿಗೆ ಚಿಕ್ಕಂದಿನಿಂದ ಫಿಟ್ಸ್ ಬಂದಂತೆ ಬರುತ್ತದೆ, ಬೆಂಕಿಗೂ ನೀರಿಗೂ ಬೀಳುತ್ತಾನೆ. ಶಿಷ್ಯರ ಕೈಯಲ್ಲಿ ಏನೂ ಆಗಲಿಲ್ಲ. 'ನಿಮ್ಮ ಕೈಲಾದರೆ ಸಹಾಯ ಮಾಡಿ' ಎನ್ನುವಷ್ಟು ಅವನ ಮನಸ್ಸು ಸವೆದಿದೆ. ನಂಬುವವನಿಗೆ ಎಲ್ಲವೂ ಆಗುತ್ತದೆ ಎಂದು ಯೇಸು ಹೇಳಿದಾಗ ಅವನು ಕೂಗಿಕೊಳ್ಳುತ್ತಾನೆ: ನಂಬುತ್ತೇನೆ, ನನ್ನ ಅಪನಂಬಿಕೆಯನ್ನು ನೀವೇ ನೋಡಿಕೊಳ್ಳಿ! ಇಡೀ ಬೈಬಲ್‌ನಲ್ಲಿ ಇಷ್ಟು ಪ್ರಾಮಾಣಿಕವಾದ ಪ್ರಾರ್ಥನೆ ಬಹಳ ಇಲ್ಲ ಎಂದು ನನ್ನ ಅನಿಸಿಕೆ. ಯೇಸು ಅವನಿಗೆ ಹೋಗಿ ನಂಬಿಕೆ ಬೆಳೆಸಿಕೊಂಡು ಬಾ ಎನ್ನಲಿಲ್ಲ. ಹುಡುಗನ ಕೈ ಹಿಡಿದು ಎಬ್ಬಿಸಿದರು. ಇದೇ ಘಟನೆಯನ್ನು ಹೇಳುವಾಗ ಮತ್ತಾಯ ಸಾಸಿವೆ ಕಾಳಿನಷ್ಟು ನಂಬಿಕೆಯಿದ್ದರೆ ಸಾಕೆಂಬ ಮಾತನ್ನು ಸೇರಿಸುತ್ತಾನೆ.

ಅಷ್ಟೂ ಇಲ್ಲದ ದಿನಗಳಿರುತ್ತವೆ. ಆಗ ಮಾರ್ಕ 2ನೇ ಅಧ್ಯಾಯ ಓದಿ. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದರು, ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರಿಂದ ಮಾಳಿಗೆ ಹತ್ತಿ ಚಾವಣಿ ತೋಡಿ ಹಾಸಿಗೆ ಸಮೇತ ಕೆಳಗಿಳಿಸಿದರು. ಯೇಸು 'ಅವರ ನಂಬಿಕೆಯನ್ನು' ನೋಡಿ ಮಾತಾಡಿದರು ಎಂದು ಬರೆದಿದೆ. ಮಲಗಿದ್ದವನು ಒಂದು ಮಾತೂ ಆಡಿಲ್ಲ. ನಿಮಗೆ ಪ್ರಾರ್ಥಿಸಲು ಆಗದಾಗ ಬೇರೆಯವರು ನಿಮ್ಮ ಹಾಸಿಗೆ ಹೊರಬಹುದು.

ಅಷ್ಟು ಪ್ರಾರ್ಥಿಸಿದರೂ ನಮ್ಮವರು ಉಳಿಯಲಿಲ್ಲ. ನಂಬಿಕೆ ಸಾಲಲಿಲ್ಲವೇ?

ದಯವಿಟ್ಟು ಆ ಭಾರ ಹೊರಬೇಡಿ. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಸಂಕಟದ ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಯೇಸುವೇ ಬೇಡಿದರು, ಅದು ತೊಲಗಲಿಲ್ಲ. ತನ್ನ ಮೈಯಲ್ಲಿದ್ದ ಮುಳ್ಳನ್ನು ತೆಗೆಯಬೇಕೆಂದು ಪೌಲ ಮೂರು ಸಲ ಬೇಡಿಕೊಂಡ, ಮುಳ್ಳು ಉಳಿಯಿತು, 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಮಾತು ಬಂತು. ಅವರ ನಂಬಿಕೆ ಕಡಿಮೆಯಿತ್ತೆಂದು ಯಾರು ಹೇಳುತ್ತಾರೆ? ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ನಂಬಿಕೆಯಿಂದ ಸಿಂಹಗಳ ಬಾಯಿ ಕಟ್ಟಿದವರೂ ಇದ್ದಾರೆ, ಅದೇ ನಂಬಿಕೆಯಿಂದ ಕಲ್ಲೇಟು ತಿಂದು ಸತ್ತವರೂ ಇದ್ದಾರೆ. ಇಬ್ಬರೂ ಒಂದೇ ಪಟ್ಟಿಯಲ್ಲಿದ್ದಾರೆ.

ಇದರ ಜೊತೆಗೆ ಒಂದು ಮಾತು. ನಂಬಿಕೆಯಿದ್ದರೆ ಔಷಧಿ ಬೇಡ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಪೌಲ ಲೂಕನನ್ನು 'ಪ್ರಿಯ ವೈದ್ಯ' ಎಂದು ಕರೆಯುತ್ತಾನೆ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆಯುತ್ತಾನೆ. ಮಾತ್ರೆ ನುಂಗುವುದು ದೇವರ ಮೇಲಿನ ಅಪನಂಬಿಕೆಯಲ್ಲ.

ದೇವರ ಮೇಲೆ ಸಿಟ್ಟು ಬರುತ್ತದೆ. ಇದು ಪಾಪವೇ?

13ನೇ ಕೀರ್ತನೆ 'ಎಷ್ಟರವರೆಗೆ?' ಎಂದು ನಾಲ್ಕು ಸಲ ಕೇಳುತ್ತದೆ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಇಲ್ಲ. ಇವನ್ನು ಯಾರೂ ಪುಸ್ತಕದಿಂದ ಕಿತ್ತುಹಾಕಲಿಲ್ಲ. ಜನ ಹಾಡಿಕೊಂಡು ಬಂದರು. ದೂರನ್ನು ದೇವರ ಮುಂದೆಯೇ ಇಡುವವನು ಇನ್ನೂ ದೇವರ ಜೊತೆ ಮಾತಾಡುತ್ತಿದ್ದಾನೆ.

'ನಿರೀಕ್ಷೆ' ಎಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುವುದೇ?

ಹೀಬ್ರೂ ಭಾಷೆಯಲ್ಲಿ ನಿರೀಕ್ಷೆಗೆ 'ತಿಕ್ವಾ' ಎನ್ನುತ್ತಾರೆ. ಅದೇ ಪದಕ್ಕೆ ಹುರಿ, ದಾರ ಎಂಬ ಅರ್ಥವೂ ಇದೆ. ಯೆಹೋಶುವ 2ರಲ್ಲಿ ಇಸ್ರಾಯೇಲಿನ ಗೂಢಚಾರರನ್ನು ಬಚ್ಚಿಟ್ಟ ಯೆರಿಕೋವಿನ ರಾಹಾಬಳು ಗುರುತಿಗೆಂದು ಕಿಟಕಿಗೆ ಕಟ್ಟಿದ ಕೆಂಪು ದಾರಕ್ಕೆ ಬಳಸಿರುವುದು ಈ ಪದವನ್ನೇ. ಗೋಡೆ ಬೀಳಲಿರುವ ಊರಿನಲ್ಲಿ ಅವಳ ಮನೆಮಂದಿಯ ಜೀವ ಆ ದಾರದ ಮೇಲಿತ್ತು. ಯೋಬನಾದರೋ ತನ್ನ ದಿನಗಳು ನೇಕಾರನ ಲಾಳಿಗಿಂತ ವೇಗವಾಗಿ ಓಡಿ 'ತಿಕ್ವಾ' ಇಲ್ಲದೆ ಮುಗಿಯುತ್ತಿವೆ ಎಂದು ಗೋಳಾಡುತ್ತಾನೆ. ನೂಲು ತೀರಿಹೋಯಿತು, ನಿರೀಕ್ಷೆ ತೀರಿಹೋಯಿತು, ಎರಡೂ ಒಂದೇ ಮಾತಿನಲ್ಲಿ. ನಿರೀಕ್ಷೆ ಎಂದರೆ ಕೈಯಲ್ಲಿ ಹಿಡಿದುಕೊಳ್ಳುವ ವಸ್ತು ಎಂದು ನನಗೆ ಅರ್ಥವಾದದ್ದು ಈ ಪದದಿಂದ.

ಅದನ್ನು ಹಿಡಿದವರಲ್ಲಿ ನನಗೆ ಅತಿ ಹತ್ತಿರದವನು ಪ್ರವಾದಿ ಯೆರೆಮೀಯ. 32ನೇ ಅಧ್ಯಾಯ. ಬಾಬಿಲೋನಿನ ಸೇನೆ ಯೆರೂಸಲೇಮನ್ನು ಮುತ್ತಿದೆ. ಊರು ಬೀಳುತ್ತದೆ ಎಂದು ಸಾರಿದ್ದಕ್ಕೆ ಯೆರೆಮೀಯನನ್ನು ಕಾವಲಿನವರ ಅಂಗಳದಲ್ಲಿ ಸೆರೆಯಿಟ್ಟಿದ್ದಾರೆ. ಅಲ್ಲಿಗೆ ಅವನ ದಾಯಾದಿ ಹನಮೇಲ ಬಂದು, ಅನಾತೋತಿನ ಹೊಲ ಕೊಂಡುಕೋ ಎನ್ನುತ್ತಾನೆ. ಶತ್ರುಗಳು ತುಳಿಯುತ್ತಿರುವ ನೆಲವನ್ನು ಕೊಳ್ಳುವವರು ಯಾರು? ಯೆರೆಮೀಯ ಕೊಂಡ. 17 ಶೆಕೆಲ್ ಬೆಳ್ಳಿ, ಸುಮಾರು 200 ಗ್ರಾಂ, ತಕ್ಕಡಿಯಲ್ಲಿ ತೂಗಿ ಕೊಟ್ಟ. ಕ್ರಯಪತ್ರ ಬರೆಸಿ, ಸಾಕ್ಷಿಗಳ ರುಜು ಹಾಕಿಸಿ, ಮುದ್ರೆ ಹಾಕಿದ ಪ್ರತಿ, ತೆರೆದ ಪ್ರತಿ ಎರಡನ್ನೂ ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯ ನಡೆಯುತ್ತದೆ ಎಂಬುದು ದೇವರ ಮಾತಾಗಿತ್ತು.

ನನ್ನ ಮನಸ್ಸು ಮುಟ್ಟುವುದು ಮುಂದಿನ ಭಾಗ. ಪತ್ರ ಆದ ಮೇಲೆ ಯೆರೆಮೀಯ ಪ್ರಾರ್ಥಿಸುತ್ತ, ಊರು ಶತ್ರುವಿನ ಪಾಲಾಗುತ್ತಿದೆ, ನೀನು ನೋಡಿದರೆ ಹೊಲ ಕೊಂಡುಕೋ ಎಂದೆಯಲ್ಲಾ ಎನ್ನುತ್ತಾನೆ. ಬೆಳ್ಳಿ ತೂಗಿದ ಕೈಯೂ ಅವನದೇ, ಗೊಂದಲವೂ ಅವನದೇ. ಕ್ರಿ.ಪೂ. 586ರ ಹೊತ್ತಿಗೆ ಊರು ಬಿದ್ದೇಬಿಟ್ಟಿತು. ಗಡಿಗೆಯಲ್ಲಿ ಪತ್ರವಿತ್ತು.

'ನಿಮಗೆ ಒಳ್ಳೆಯ ಭವಿಷ್ಯ ಕೊಡುತ್ತೇನೆ' ಎಂಬ ಯೆರೆಮೀಯ 29:11ರ ವಾಗ್ದಾನ ನನಗೂ ಸಲ್ಲುತ್ತದೆಯೇ?

ಸಲ್ಲುತ್ತದೆ, ಆದರೆ 10ನೇ ವಚನದ ಜೊತೆ ಓದಿ. ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರ, ಕೊಟ್ಟ ಅವಧಿ 70 ವರ್ಷ. ಪತ್ರ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ತವರು ನೆಲ ಮತ್ತೆ ನೋಡಲಾರರು. ಅವರಿಗೆ ಹೇಳಿದ್ದು: ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಪರೀಕ್ಷೆಯ ಫಲಿತಾಂಶಕ್ಕೋ ಕೆಲಸದ ಸಂದರ್ಶನಕ್ಕೋ ಆ ವಚನವನ್ನು ತಾಯತದಂತೆ ಕಟ್ಟಿಕೊಂಡರೆ ಅದರ ತೂಕ ತಿಳಿಯುವುದಿಲ್ಲ.

ಬದುಕೇ ಸಾಕಾಗಿದೆ ಅನಿಸುತ್ತಿದೆ. ದೇವರು ಕೈಬಿಡುತ್ತಾರೆಯೇ?

ಎಲೀಯನಂಥ ಪ್ರವಾದಿಯೇ ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದ. 1 ಅರಸುಗಳು 19ರಲ್ಲಿದೆ. ದೇವರು ಅವನನ್ನು ಬೈಯಲಿಲ್ಲ, ಪ್ರಸಂಗ ಮಾಡಲಿಲ್ಲ. ಮಲಗಲು ಬಿಟ್ಟರು. ದೂತನು ತಟ್ಟಿ ಎಬ್ಬಿಸಿದಾಗ ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲ ಬಂದು, ಏಳು, ಊಟ ಮಾಡು, ನಿನ್ನ ಮುಂದಿರುವ ದಾರಿ ದೊಡ್ಡದು ಎಂದ.

ನೀವು ಆ ಗಿಡದ ಕೆಳಗಿದ್ದರೆ, ಇವತ್ತೇ, ಈಗಲೇ, ನೀವು ನಂಬುವ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ಒಬ್ಬರೇ ಇರಬೇಡಿ. ವೈದ್ಯರ ಹತ್ತಿರ ಹೋಗಿ. ರೊಟ್ಟಿ ತರುವ ದೂತ ಯಾವ ವೇಷದಲ್ಲಿ ಬರುತ್ತಾನೋ ಹೇಳಲಾಗದು, ಆಪ್ತಸಮಾಲೋಚಕರ ವೇಷದಲ್ಲೂ ಬರಬಹುದು.

ಕ್ಷಮಿಸಬೇಕು ಎನ್ನುತ್ತಾರೆ. ಹೊಡೆಯುವವನ ಮನೆಗೆ ವಾಪಸ್ ಹೋಗಲೇಬೇಕೇ?

ಇಲ್ಲ. ತನ್ನನ್ನು ಕೊಲ್ಲಲು ಅಟ್ಟಿಸಿಕೊಂಡು ಬಂದ ಅರಸ ಸೌಲನನ್ನು ದಾವೀದ ಎರಡು ಸಲ ಜೀವಸಹಿತ ಬಿಟ್ಟ. ಎರಡನೆಯ ಸಲ ಸೌಲ ತಪ್ಪೊಪ್ಪಿಕೊಂಡು, 'ಮಗನೇ, ಹಿಂತಿರುಗಿ ಬಾ' ಎಂದ. ದಾವೀದ ತಾನು ಎತ್ತಿಕೊಂಡಿದ್ದ ಅವನ ಈಟಿಯನ್ನು ಆಳಿನ ಕೈಯಲ್ಲಿ ವಾಪಸ್ ಕೊಡಿಸಿ ತನ್ನ ದಾರಿ ಹಿಡಿದ. ಅರಮನೆಗೆ ಹೋಗಲಿಲ್ಲ. ಸೇಡು ಬಿಡುವುದು ಒಂದು, ಈಟಿಯ ಎದುರು ಹೋಗಿ ನಿಲ್ಲುವುದು ಇನ್ನೊಂದು.

ಇವನ್ನೆಲ್ಲ ಓದಬೇಕು ಅನಿಸಿದೆ. ಎಲ್ಲಿಂದ ಶುರು ಮಾಡಲಿ?

ರೂತಳ ಪುಸ್ತಕದಿಂದ. ನಾಲ್ಕೇ ಅಧ್ಯಾಯ, ಒಂದೇ ಕೂತಿನಲ್ಲಿ ಮುಗಿಯುತ್ತದೆ. ಆಮೇಲೆ ಮಾರ್ಕನ ಸುವಾರ್ತೆ, 16 ಅಧ್ಯಾಯ, ಎಲ್ಲಕ್ಕಿಂತ ಚುಟುಕಾದ ಸುವಾರ್ತೆ. ಮನಸ್ಸು ಭಾರವಾಗಿದ್ದರೆ 13ನೇ ಕೀರ್ತನೆ ಓದಿ, ಆರೇ ವಚನ, ಸಾಧ್ಯವಾದರೆ ಗಟ್ಟಿಯಾಗಿ. ಲೂಕ 24ರ ಎಮ್ಮಾಹುವಿನ ದಾರಿಯನ್ನು ಒಂದು ಸಂಜೆಗೆ ಇಟ್ಟುಕೊಳ್ಳಿ. 'ನಾವು ನಿರೀಕ್ಷಿಸಿಕೊಂಡಿದ್ದೆವು' ಎಂದು ಯೇಸುವಿನ ಸಾವಿನಿಂದ ಕುಗ್ಗಿದ ಇಬ್ಬರು ಶಿಷ್ಯರು ಅಪರಿಚಿತನೊಬ್ಬನಿಗೆ ಹೇಳುತ್ತ ನಡೆಯುತ್ತಾರೆ. ಆ ಅಪರಿಚಿತ ತಾನು ಯಾರೆಂದು ಹೇಳುವ ಮೊದಲು ಅವರ ದುಃಖವನ್ನೆಲ್ಲ ಕೇಳಿಸಿಕೊಳ್ಳುತ್ತಾರೆ. ಊಟಕ್ಕೆ ಕೂತು ರೊಟ್ಟಿ ಮುರಿದಾಗ ಅವರು ಯೇಸುವೇ ಎಂಬ ಗುರುತು ಸಿಗುತ್ತದೆ. ಕತ್ತಲಾಗಿದ್ದರೂ ಆ ಇಬ್ಬರು ಬಂದ ದಾರಿಯಲ್ಲೇ ಯೆರೂಸಲೇಮಿಗೆ ತಿರುಗಿ ನಡೆಯುತ್ತಾರೆ.